ನಾಲ್ಕು ಪಾಲು

ಒಂದೇ ಪುಸ್ತಕ, ನಾಲ್ಕು ಮಕ್ಕಳು, ಎರಡು ತಿಂಗಳ ರಜೆ.
ಜಸಿಂತಾ ಟೀಚರ್ ಅದನ್ನು ನನ್ನ ಮೇಜಿನ ಮೇಲಿಟ್ಟು
"ದಸ್ತಗೀರಣ್ಣ, ಇದನ್ನ ಬಿಚ್ಚಿಕೊಡಿ" ಅಂದರು.

ಮೂವತ್ತು ವರ್ಷದಿಂದ ಹೊಲಿಯುತ್ತಾ ಬಂದವನು ನಾನು,
ಅರಸೀಕೆರೆ ಮಂಡಿಯ ಕೊಬ್ಬರಿ ಲೆಕ್ಕ,
ಸೊಸೈಟಿ ರಿಜಿಸ್ಟರು, ವಕೀಲರ ಹಳೇ ಕಟ್ಟು.
ಬಿಚ್ಚು ಎಂದವರು ಇವರೊಬ್ಬರೇ.

ಹತ್ತನೇ ಕ್ಲಾಸಿಗೆ ಹೋಗುವವರು,
ಮೊದಲ ಭಾಷೆ ಇಂಗ್ಲಿಷ್ ತಗೊಂಡವರಂತೆ.
ಶಾಲೆ ಬಾಗಿಲು ತೆರೆದ ದಿನ ಇಡೀ ಕಥೆ ಒಪ್ಪಿಸಬೇಕಂತೆ.

ಬ್ಲೇಡು ತಾಗಿದ್ದೇ ಬೆನ್ನು ಸಡಿಲಿಸಿತು.
ಯಾವ ದೂರದೂರಿನ ಬೈಂಡರನೋ, ಬಿಗಿ ಕೈ,
ಗಂಟು ಎಡಗಡೆ ಹಾಕುವವನು.
ಮನಸ್ಸಲ್ಲೇ ಒಂದು ಸಲಾಂ ಹೇಳಿ ದಾರ ಕತ್ತರಿಸಿದೆ.

ಚೀಟಿ ಎತ್ತಿದರು. ಭಾನುವಾರಕ್ಕೊಮ್ಮೆ ಅದಲು ಬದಲು,
ನನ್ನ ಅಂಗಡಿಯಲ್ಲೇ, ಸರಿ ಬೇಯುವ ವಾಸನೆಯಲ್ಲೇ.

"ಶುರುವಾಗೋದೇ ಒಬ್ಬಳು ಅಳೋದರಿಂದ ಅಂಕಲ್,"
ಎಂದಳು ಎರಡನೇ ಪಾಲಿನ ಮುಬೀನ,
"ಯಾಕೆ ಅಳ್ತಾಳೆ ಅನ್ನೋದು ಧಾತ್ರಿ ಹತ್ರ ಇದೆ."
ಧಾತ್ರಿ ಅಂದಳು, "ನಂದರಲ್ಲಿ ಅವಳು ನಗ್ತಾನೇ ಇದಾಳಲ್ಲೇ!"
ಕುಶಾಲನ ಪಾಲಿಗೆ ಆ ಹೆಂಗಸೇ ಬಂದಿರಲಿಲ್ಲ,
ಬರೀ ಒಬ್ಬ ಗಡಿಯಾರ ರಿಪೇರಿಯವ, ಒಂದು ಬಂದರು,
ಬರಬೇಕಾದ ಹಡಗು.

ನಾಲ್ಕನೆಯದು ಉಲ್ಲಾಸನಿಗೆ.
ಅವನು ಅದನ್ನು ಚೀಲಕ್ಕೆ ಹಾಕಿಕೊಂಡು
ಬಾಣಾವರದ ಮಾವನ ಎಳನೀರು ಗಾಡಿಗೆ ಹೋದ.
ಕಥೆಯ ಕೊನೆ ಹೈವೇ ಪಕ್ಕ ಎಳನೀರು ಕೆತ್ತುತ್ತಿತ್ತು,
ಇಲ್ಲಿ ಮೂವರು ಬಾಯಿಬಾಯಿ ಬಿಡುತ್ತಿದ್ದರು.

"ಫ್ರಾಸ್ಟ್ ಅಂದ್ರೇನು?" ಕೇಳಿದ ಕುಶಾಲ ಒಂದು ದಿನ.
ಹೊರಗೆ ಡಾಂಬರು ಚಪ್ಪಲಿಗೆ ಅಂಟುವ ಬಿಸಿಲು.
ಮೂವರೂ ಎದುರು ಬೇಕರಿಗೆ ಓಡಿ
ಫ್ರಿಜ್ಜಿನ ಮೇಲಂತಸ್ತಿಗೆ ಬೆರಳು ತೂರಿಸಿ ಬಂದರು.
ಅದೇ ಬೆರಳಲ್ಲಿ ಹಾಳೆ ತಿರುವಿದರು.
ಪುಟ ತೊಂಬತ್ತೊಂದರಲ್ಲಿ ಆ ಸುಕ್ಕು ಇನ್ನೂ ಇದೆ.

ಕೊನೆ ಹೇಗಿರಬಹುದು ಅಂತ ನನ್ನನ್ನೂ ಕೇಳಿದರು.
"ಹಡಗು ಬರುತ್ತೆ, ಲೇಟಾಗಿ" ಅಂದೆ.
ಜಂಕ್ಷನ್ ಪಕ್ಕ ಹುಟ್ಟಿದವನಿಗೆ ಬೇರೇನು ತೋಚೀತು.

ಮೇ ಮುಗಿಯಲು ಮೂರು ದಿನ ಇದ್ದಾಗ ಬಂದ ಉಲ್ಲಾಸ,
ಅಂಗೈಯಲ್ಲಿ ಮಚ್ಚಿನ ಗುಳ್ಳೆ,
ಹಾಳೆಗಳ ಅಂಚಿಗೆ ಎಳನೀರಿನ ಕಂದು ಕಲೆ.
"ನಾಲ್ಕೇ ಪುಟ ಆಗಿದ್ದು," ಅಂದ, ನೆಲ ನೋಡುತ್ತಾ.

ಯಾರೂ ಬೈಯಲಿಲ್ಲ. ರಟ್ಟಿನ ರಾಶಿಯ ಮೇಲೆ ಕೂತು
ಸರದಿಯಲ್ಲಿ ಗಟ್ಟಿಯಾಗಿ ಓದಿದರು ಮೂವರು,
ಅವನು ಕೇಳಿದ. ನಾನು ದಬ್ಬಳ ಕೈಯಲ್ಲೇ ಹಿಡಿದು
ಒಂದಕ್ಷರ ತಿಳಿಯದೆ ಕೇಳಿದೆ.
ಕೊನೆಯ ಪುಟ ಬಂದಾಗ ಅವನು ಕೈ ಚಾಚಿದ.
"ಇದು ನಾನು."

ಎಷ್ಟು ಹೊತ್ತು ಹಿಡಿಯಿತೋ.
ಒಂದು ಗೂಡ್ಸು ಪೂರ್ತಿ ದಾಟಿಹೋಯಿತು,
ಅವನಿನ್ನೂ ಮೂರನೇ ಸಾಲಿನಲ್ಲಿದ್ದ.
ಮುಬೀನ ತುಟಿ ಕಚ್ಚಿಕೊಂಡಳು, ಹೇಳಿಕೊಡದಿರಲು.
ಮುಗಿದಾಗ ಅಂಗಡಿಯಲ್ಲಿ ಲೈಟು ಹಾಕಿರಲಿಲ್ಲ ಯಾರೂ.

"ಹಡಗು?" ಅಂದೆ.
"ನಾಳೆ ಹೇಳ್ತೀವಿ ಅಂಕಲ್," ಅಂದಳು ಧಾತ್ರಿ, ಕಣ್ಣೊರೆಸುತ್ತಾ,
ಆ ನಾಳೆ ಇನ್ನೂ ಬಂದಿಲ್ಲ.

ರಾತ್ರಿ ಪಾಲುಗಳನ್ನು ಜೋಡಿಸುವಾಗ ಕಂಡವು ಉಲ್ಲಾಸನ ನಾಲ್ಕು ಪುಟ.
ಪ್ರತಿ ಇಂಗ್ಲಿಷ್ ಮಾತಿನ ತಲೆಯ ಮೇಲೂ
ಪೆನ್ಸಿಲಿನಲ್ಲಿ ಪುಟ್ಟ ಕನ್ನಡ.
ಇಡೀ ಪುಸ್ತಕದಲ್ಲಿ ನನಗೆ ಓದಲು ಬಂದದ್ದು ಅಷ್ಟೇ:
ಅವಳು. ಬಾಗಿಲು. ಅರ್ಧ ತೆರೆ.
ಹಿಮ. ಗಡಿಯಾರ ನಿಂತ. ಅಲ್ಲ. ಇನ್ನೂ ಅಲ್ಲ.
ಕಾಯು.

ಶಾಲೆಯ ಪುಸ್ತಕ, ಗೀಚಬಾರದು. ರಬ್ಬರು ಹುಡುಕಿದೆ,
ಸಿಕ್ಕಿತು, ಡ್ರಾಯರಿನಲ್ಲೇ ಬಿಟ್ಟೆ.
ಮೈಲುತುತ್ತ ಕಲೆಸಿದ ಸರಿ ಬಳಿದು, ಬೆನ್ನಿಗೆ ಬಟ್ಟೆ ಕೊಟ್ಟು,
ಗಂಟು ಎಡಗಡೆಗೇ ಹಾಕಿದೆ,
ಮೇಲೆ ಎರಡು ಕಲ್ಲು ಹೇರಿ ಮಲಗಿಕೊಂಡೆ.